ಅತ್ತೆಯ ಮನೆಯಿಂದ ಬಿಡುಗಡೆ

ಆಸ್ಪತ್ರೆಯಿಂದ ಬಿಡುಗಡೆಯಾಗುವುದು ಸುಲಭ. ನಮ್ಮ ಅತ್ತೆಯ ಮನೆಯಿಂದ ಬಿಡುಗಡೆಯಾಗುವುದು ಕಷ್ಟ! ಅಪ್ಪನ ಈ ತಂಗಿ ನರ್ಸಿಂಗ್ ಕಾಲೇಜಿನಲ್ಲಿ ಪ್ರೊಫೆಸರ್. ರೋಗಿಗಳು ಮನೆಗೆ ಹೊರಟಾಗ ಆಸ್ಪತ್ರೆಯವರು ಹೇಳಿದ ಮಾತು ದಾರಿಯಲ್ಲಿ ಎಲ್ಲಿ ಬಿದ್ದುಹೋಗುತ್ತದೆ ಎನ್ನುವುದು ಅವರ ಸಂಶೋಧನೆ. ಅದರ ಪರಿಣಾಮ ನಮ್ಮ ಮೇಲೆ! ಸೀತಾಂಗೋಳಿಯ ಅವರ ಮನೆಯಿಂದ ಉಪ್ಪಿನಕಾಯಿ ಬಾಟ್ಲಿ ಹಿಡಿದು ಹೊರಟವರೂ ಮೆಟ್ಟಿಲಲ್ಲಿ ನಿಂತು ಪರೀಕ್ಷೆ ಪಾಸಾಗಬೇಕು.

“ಒದ್ದೆ ಚಮಚ ಹಾಕಬಾರದು. ಎಂತ ಹೇಳಿದೆ? ಹೇಳು ನೋಡುವ.”

ಕುಂಬಳೆ ಸ್ಟೇಷನ್ನಿನಿಂದ ಮನೆಗೆ ಕರೆತರುವ ಆಟೋದವನನ್ನೂ ಬಿಟ್ಟವರಲ್ಲ.

“ಟೀಚರೇ, ನಾನು ಇದೇ ರೋಡಿನಲ್ಲಿ ಹುಟ್ಟಿ ಬೆಳೆದವ!”

“ಹುಟ್ಟಿದ್ದು ಇರಲಿ. ಎಲ್ಲಿ ತಿರುಗಿಸಬೇಕು, ಹೇಳು.”

ಅವನು ಹೇಳಿದ. ಹೇಳುವ ಭರದಲ್ಲಿ ತಿರುವನ್ನೇ ದಾಟಿ ಮುಂದೆ ಹೋದ!

ಒಮ್ಮೆ ಶಿರಿಯದಲ್ಲಿ, ಹೃದಯದ ಚಿಕಿತ್ಸೆ ಮುಗಿಸಿ ಬಂದ ಮೀನುಗಾರರೊಬ್ಬರ ಮನೆಗೆ ಅತ್ತೆ ನನ್ನನ್ನೂ ಕರೆದೊಯ್ದರು. ಉಪ್ಪು ಕಡಿಮೆ ಮಾಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರಂತೆ.

“ಗಂಜಿಗೆ ಒಂದು ಕಲ್ಲು ಉಪ್ಪೂ ಹಾಕುವುದಿಲ್ಲ ಟೀಚರೇ,” ಎಂದರು ಹೆಂಡತಿ, ಹೆಮ್ಮೆಯಿಂದ.

“ಗಂಜಿಯ ಜೊತೆಗೆ ಎಂತ?”

“ಒಣಮೀನು.”

“ಅದರಲ್ಲಿ ಉಪ್ಪು ಉಂಟಲ್ಲ!”

“ಅದು ತಿನ್ನಲಿಕ್ಕೆ ಹಾಕಿದ ಉಪ್ಪಲ್ಲ ಟೀಚರೇ, ಮೀನು ಹಾಳಾಗದ ಹಾಗೆ ಹಾಕಿದ್ದು!”

ನಾನು ನಕ್ಕೆ. ಅತ್ತೆ ನಗಲಿಲ್ಲ, ಚಾಪೆಯಲ್ಲಿ ಕೂತು ಮೊದಲಿನಿಂದ ಹೇಳತೊಡಗಿದರು. ಹೀಗೆಂದು ನನ್ನ ನೆನಪು. ಅತ್ತೆಯ ಪ್ರಕಾರ ನಾನು ಆ ಮನೆಯೊಳಗೆ ಕಾಲೇ ಇಟ್ಟಿಲ್ಲ, ಆಟೋದಲ್ಲಿ ಕೂತು ಫೋನು ನೋಡುತ್ತಿದ್ದೆ! ಇರಬಹುದು. ಎಂ.ಎ. ಓದುವಾಗ ಎಲ್ಲವನ್ನೂ ಸಂಶಯಿಸಲು ಕಲಿತೆ. ಈಗ ಸ್ವಂತ ನೆನಪಿಗೂ ಅದೇ ಗತಿ.

“ಇಷ್ಟು ವರ್ಷದಲ್ಲಿ ಕಂಡುಹಿಡಿದದ್ದು ಎಂತ ಅತ್ತೆ?” ಎಂದು ಇನ್ನೊಮ್ಮೆ ಕೇಳಿದೆ.

“ಮನೆಗೆ ಹೋಗಬಹುದು ಅಂದ ಕೂಡಲೇ ಮನುಷ್ಯನಿಗೆ ಮತ್ತೆ ಎಂತದೂ ಕೇಳುವುದಿಲ್ಲ.”

“ಇದಕ್ಕೆ ಡಾಕ್ಟರೇಟ್ ಬೇಕಾ?”

“ನಿನಗೆ ಎಂತ ಗೊತ್ತು ಮಾರಾಯ? ನಿನ್ನನ್ನು ಇನ್ನೂ ಯಾರೂ ಅಡ್ಮಿಟ್ ಮಾಡಲಿಲ್ಲ!”

ಮೊನ್ನೆ ಅವರೇ ಮಂಗಳೂರಿನಲ್ಲಿ ಅಡ್ಮಿಟ್ ಆದರು. ಕಣ್ಣಿನ ಆಪರೇಷನ್. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಓದು, ಪಾಠ, ಸಂಶೋಧನೆ ಎಲ್ಲ ಉಳಿದ ಇದೊಂದರಲ್ಲೇ. ಹೊರಡುವಾಗ ನರ್ಸ್ ಹುಡುಗಿ, ಅತ್ತೆಯದೇ ಹಳೆಯ ವಿದ್ಯಾರ್ಥಿನಿ, ಯಾವ ಹನಿ ಮೊದಲು, ಎಷ್ಟು ಹೊತ್ತು ಬಿಟ್ಟು ಇನ್ನೊಂದು ಎಂದೆಲ್ಲ ವಿವರಿಸಿದಳು. ಅತ್ತೆ “ಆಯ್ತು, ಆಯ್ತು” ಎಂದು ತಲೆಯಾಡಿಸಿದರು. ಟೀಚರನ್ನೇ ಪರೀಕ್ಷಿಸುವುದುಂಟೇ? ಹುಡುಗಿ ನಾಚಿ, ತಿರುಗಿ ಹೇಳಿಸದೆ ಚೀಟಿ ಕೊಟ್ಟಳು.

ಮನೆಯ ದಾರಿಯಲ್ಲಿ ಕಾರು ತಲಪಾಡಿ ಹತ್ತಿರ ಬಂದಾಗ ನನಗೆ ಸೇಡಿನ ಹುಮ್ಮಸ್ಸು ಬಂತು. “ಅತ್ತೆ, ಯಾವ ಹನಿ ಮೊದಲು? ಹೇಳಿ ನೋಡುವ.”

ಕಣ್ಣಿಗೆ ಪಟ್ಟಿ ಕಟ್ಟಿದ ಅತ್ತೆ ಸೀಟಿನ ಅಂಚನ್ನು ತಡಕುತ್ತಿದ್ದರು.

“ನನಗೆ ಒಂದೂ ಕೇಳಲಿಲ್ಲ ಮಾರಾಯ. ಮನೆಗೆ ಹೋಗಬಹುದು ಅಂದದ್ದು ಮಾತ್ರ ಕೇಳಿತು. ನೀನು ಕೇಳಿದ್ದೀಯಲ್ಲ?”

ಕೇಳಿದ್ದೆ. ಬಿಳಿ ಮುಚ್ಚಳದ್ದು ಮೊದಲು ಎಂದು ನೆನಪು. ಆದರೆ ಶಿರಿಯದ ಮನೆಯೊಳಗೆ ಹೋದದ್ದೂ ನನಗೆ ನೆನಪುಂಟಲ್ಲ! ಚೀಟಿಯಲ್ಲಿ ಹನಿಗಳ ಹೆಸರಿತ್ತು, ಸರದಿ ಇರಲಿಲ್ಲ. ಆಸ್ಪತ್ರೆಯತ್ತ ಕಾರು ತಿರುಗಿಸಿದೆ.

ಹುಡುಗಿ ಮತ್ತೆ ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಈ ಸಲ ನಾಚಲಿಲ್ಲ. “ಈಗ ನೀವು ಹೇಳಿ ನೋಡುವ, ಟೀಚರ್.”

ಅತ್ತೆ ಹೇಳಿದರು, ಒಂದನೇ ಕ್ಲಾಸಿನ ಮಗು ಮಗ್ಗಿ ಹೇಳುವ ಹಾಗೆ. ಮುಗಿಯುವವರೆಗೂ ನನ್ನ ಕಿರುಬೆರಳನ್ನು ಬಿಡಲಿಲ್ಲ. ಈ ಒಂದು ನೆನಪನ್ನು ಮಾತ್ರ ಯಾರು ಸುಳ್ಳೆಂದರೂ ನಾನು ಒಪ್ಪುವುದಿಲ್ಲ.