ಪುಟ್ಟಲಕ್ಷ್ಮಿಯನ್ನು ಬೈಯುವುದು ಹೇಗೆ?

ಇನ್ನೊಬ್ಬರನ್ನು ಪ್ರೀತಿಯಿಂದ ನೋಡಿಕೊಳ್ಳಿ ಎಂದು ಹೇಳುವುದು ಬಹಳ ಸುಲಭ. ಹೇಳಿದವರು ಹೇಳಿ, ಫ್ಯಾನಿನ ಕೆಳಗೆ ಕೂತುಬಿಡುತ್ತಾರೆ. ನೋಡಿಕೊಳ್ಳಬೇಕಾದವರ ಪಾಡು ಯಾರಿಗೂ ಬೇಡ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಸಿಸ್ಟರ್ ಆಗಿದ್ದೆ. ಒಂದು ಬೆಳಿಗ್ಗೆ ನಮ್ಮ ಮೇಟ್ರನ್ ಮೇಡಂ ನನ್ನನ್ನು ಕರೆಸಿ, "ಸರೋಜಾ, ನರ್ಸಿಂಗ್ ಪಾಸಾಗಿ ಹೊಸದಾಗಿ ಬಂದಿರೋ ಹುಡುಗಿಯರಲ್ಲಿ ಮೂರು ಜನಾನ ನಿಮ್ಮ ವಾರ್ಡಿಗೆ ಹಾಕಿದ್ದೀನಿ. ಮೊದಲ ವರ್ಷ ತುಂಬ ಕಷ್ಟ ಅವರಿಗೆ. ವರ್ಷ ಕಳೆದ ಮೇಲೆ ಯಾರನ್ನ ಕಾಯಂ ಮಾಡೋದು ಅಂತ ನಿಮ್ಮನ್ನೇ ಕೇಳ್ತೀನಿ. ಅಲ್ಲೀವರೆಗೂ ತಾಯಿ ಥರ ನೋಡ್ಕೊಳ್ಳಿ" ಎಂದರು. ನಾನು "ಆಗಲಿ ಮೇಡಂ" ಎಂದು ಹೊರಟುಬಂದೆ. ಮೆಟ್ಟಿಲು ಇಳಿಯುವಾಗ ಅನುಮಾನ ಶುರುವಾಯಿತು. ತಾಯಿ ಥರ ಎಂದರೆ ಯಾರ ತಾಯಿ ಥರ? ನಮ್ಮಮ್ಮ ನನ್ನನ್ನು ಮುದ್ದು ಮಾಡಿದ್ದು ಜ್ವರ ಬಂದಾಗ ಮಾತ್ರ. ಉಳಿದಂತೆ ಅವಳ ಪ್ರೀತಿಯೆಲ್ಲ ಬೈಗುಳದ ರೂಪದಲ್ಲೇ ಬರುತ್ತಿತ್ತು. ನಮ್ಮತ್ತೆಯೂ ತಾಯಿಯೇ, ನಮ್ಮ ಯಜಮಾನರಿಗೆ. ನಡುವಯಸ್ಸಿನ ಮಗನ ತಟ್ಟೆಯ ಮುಂದೆ ಕೂತು ಈಗಲೂ "ಇನ್ನೊಂದು ತುತ್ತು ಕಣಪ್ಪ" ಎನ್ನುತ್ತಿದ್ದರು. ಇವೆರಡರಲ್ಲಿ ಆಸ್ಪತ್ರೆಗೆ ಹೊಂದುವುದು ಯಾವುದು ಎಂದು ಮೇಡಂ ಹೇಳಿರಲಿಲ್ಲ. ವಾಪಸ್ಸು ಹೋಗಿ ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಸಂಜೆ ಆರ್.ಟಿ. ನಗರದ ಮನೆಗೆ ಬಂದು ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನಗೆ ಬರೋದು ಒಂದೇ ಥರ. ಅದನ್ನೇ ಮಾಡು" ಎಂದರು. ಅದು ಯಾವ ಥರ ಎಂದು ಬಿಡಿಸಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಸಂಸಾರ ಸುಖವಾಗಿ ನಡೆಯಬೇಕಾದರೆ ಕೆಲವು ಮಾತುಗಳನ್ನು ಅಲ್ಲಲ್ಲೇ ಬಿಡಬೇಕು.

ಮೂರು ಹುಡುಗಿಯರೂ ಬಂದರು. ಯಶವಂತಪುರದ ನೂರ್‌ಜಹಾನ್, ಕೋಲಾರದ ಕಡೆಯ ಮೇರಿ, ಯಲಹಂಕದ ಪುಟ್ಟಲಕ್ಷ್ಮಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಟೋಪಿ, ಗರಿಗರಿ ಸಮವಸ್ತ್ರ, ಮುಖದ ತುಂಬ ಭಯ. ಓದಿನಲ್ಲಿ ಮೂವರೂ ಜಾಣೆಯರೇ. ಆದರೆ ಪುಸ್ತಕದ ರೋಗಿ ಅಲ್ಲಾಡದೆ ಮಲಗಿರುತ್ತಾನೆ; ನಮ್ಮ ವಾರ್ಡಿನ ರೋಗಿ ಇಂಜೆಕ್ಷನ್ನಿನ ಹೊತ್ತಿಗೆ ಸರಿಯಾಗಿ ಬೀಡಿ ಸೇದಲು ಎದ್ದುಹೋಗಿರುತ್ತಾನೆ. ಅವನನ್ನು ಹುಡುಕಿ ತರುವುದು ಹೇಗೆ ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಹಾಗಾಗಿ ಮೊದಲ ವಾರ ಮೂವರೂ ಪೈಪೋಟಿಯ ಮೇಲೆ ತಪ್ಪು ಮಾಡಿದರು. ನಾನು ನೂರ್‌ಜಹಾನಳಿಗೆ, "ಡ್ರೆಸ್ಸಿಂಗ್ ಟ್ರೇ ಇಡೋದು ಹೀಗೇನೇ? ಹಪ್ಪಳ ಒಣಗಿಸಿದ ಹಾಗೆ ಹರಡಿದ್ದೀಯಲ್ಲ!" ಎಂದು ಗದರಿದೆ. ಅವಳು "ಯಾ ಅಲ್ಲಾ" ಎಂದುಕೊಂಡು ಓಡಿಹೋಗಿ ಸರಿಮಾಡಿದಳು. ಮೇರಿಗೂ ಸರಿಯಾಗಿಯೇ ಸಿಕ್ಕಿತು. ಮಧ್ಯಾಹ್ನ ಇಬ್ಬರೂ ನನ್ನನ್ನು ಅಣಕಿಸುತ್ತ ಊಟ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡೆ. ನನಗಿಂತ ಚೆನ್ನಾಗಿ ನನ್ನ ಹಾಗೆ ಬೈಯುತ್ತಿದ್ದಳು ಮೇರಿ.

ಪುಟ್ಟಲಕ್ಷ್ಮಿಯ ಸರದಿ ಬಂದದ್ದು ಅವಳು ಥರ್ಮಾಮೀಟರು ಒಡೆದಾಗ. ನಾನು ಬಾಯಿ ತೆರೆದೆ. ಅವಳ ಕೆಳದುಟಿ ನಡುಗಿತು. ತೆರೆದ ಬಾಯಿ ತೆರೆದ ಹಾಗೇ ನಿಂತಿತು. ಯಾಕೆಂದರೆ ಹಿಂದಿನ ವರ್ಷ ಪಕ್ಕದ ವಾರ್ಡಿನ ಸಿಸ್ಟರ್ ಬೈದರು ಎಂದು ಒಬ್ಬ ಹೊಸ ಹುಡುಗಿ ಡ್ಯೂಟಿಯ ಮಧ್ಯೆಯೇ ಟೋಪಿ ಸಮೇತ ಬಸ್ಸು ಹತ್ತಿ ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಇವಳು ನೋಡಿದರೆ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ. ಹೆದರಿಕೆಯಾಗಿ, ನನ್ನ ಗಂಟಲಿನಿಂದಲೇ ಬಂತೋ ಅಲ್ಲವೋ ಎನ್ನುವಂಥ ದನಿಯಲ್ಲಿ, "ಪರವಾಗಿಲ್ಲಮ್ಮ, ಬಿಡು" ಎಂದೆ. ಮೇರಿ ಗಾಬರಿಯಾಗಿ ನನ್ನ ಮುಖ ನೋಡಿದಳು.

ಅಲ್ಲಿಂದ ಅದೇ ರೂಢಿಯಾಯಿತು. ಹಾಸಿಗೆ ಸೊಟ್ಟ ಹಾಸಿದರೆ, ಪರವಾಗಿಲ್ಲಮ್ಮ. ಇಂಜೆಕ್ಷನ್ ಕೊಡಲು ಕೈ ನಡುಗಿದರೆ, ಪರವಾಗಿಲ್ಲ, ಕೊಡಿಲ್ಲಿ, ನಾನೇ ಕೊಡ್ತೀನಿ. ಬೇರೆಯವರನ್ನು "ಏನೇ, ಬಾರೇ" ಎನ್ನುವವಳು ಇವಳಿಗೆ ಬಹುವಚನಕ್ಕೇ ಇಳಿದುಬಿಟ್ಟೆ. ತಾಯಿ ಥರ ನೋಡಿಕೊಳ್ಳುವುದು ಎಂದರೆ ಇದೇ ಇರಬೇಕು ಎಂದು ಒಳಗೊಳಗೇ ಬೀಗಿದ್ದೂ ಉಂಟು. ಆದರೆ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ದಿನಾ ಬೈಸಿಕೊಂಡ ಇಬ್ಬರೂ ದುಂಡಗಾದರು, ಕೆಲಸ ಕಲಿತರು, ಡಾಕ್ಟರ ಎದುರೇ ಧೈರ್ಯವಾಗಿ ಮಾತಾಡತೊಡಗಿದರು. ನಾನು ಹೂವಿನ ಹಾಗೆ ನೋಡಿಕೊಂಡವಳು ಮಾತ್ರ ದಿನದಿನಕ್ಕೆ ಬಾಡಿದಳು. ಬಟ್ಟೆಯ ಬೀರುವಿನ ಹಿಂದೆ ನಿಂತು ಅಳುತ್ತಾಳೆ ಎಂದು ಆಯಾ ಬಂದು ಹೇಳಿದಳು. ಪಾಪ, ಇನ್ನೂ ಮೃದುವಾಗಿರಬೇಕು ಎಂದುಕೊಂಡೆ. ಇನ್ನೂ ಮೃದುವಾದೆ. ಅವಳು ಇನ್ನೂ ಅತ್ತಳು.

ಕೊನೆಗೆ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತು, "ಕೆಲಸ ಬಿಟ್ಬಿಡ್ತೀನಿ ಸಿಸ್ಟರ್" ಎಂದಳು. ಏನೇನೋ ಹೇಳಬೇಕು, ತಡೆಯಬೇಕು ಎಂದು ಬಾಯಿ ತೆರೆದರೆ ಅಭ್ಯಾಸಬಲದಿಂದ ಹೊರಬಿದ್ದದ್ದು "ಪರವಾಗಿಲ್ಲಮ್ಮ" ಎಂಬ ಮಾತು. ಅವಳು ತಲೆತಗ್ಗಿಸಿ ಹೋದಳು. ನಾನು ನನ್ನ ನಾಲಿಗೆಯನ್ನು ಶಪಿಸುತ್ತ ಕೂತೆ.

ಮಾರನೆಯ ದಿನ ರೋಗಿಗಳನ್ನು ನೋಡಲು ಜನ ಬರುವ ಹೊತ್ತಿನಲ್ಲಿ ಪುಟ್ಟಲಕ್ಷ್ಮಿಯ ತಾಯಿ ಯಲಹಂಕದಿಂದ ಬಂದರು. ಯಲಹಂಕದಲ್ಲಿ ಅವರದೊಂದು ರಾಗಿ ಮಿಲ್ಲು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ, ಜಗಳವಾಡುತ್ತಾರೆ ಎಂದು ನಾನು ಎದ್ದು ನಿಂತೇ ಮಾತಾಡಿಸಿದೆ.

"ಅಂಗಲ್ಲ ಸಿಸ್ಟ್ರಮ್ಮ, ಒಂದ್ಮಾತ್ ಕೇಳೋಣ ಅಂತ ಬಂದೆ" ಎಂದರು ಆಕೆ. "ಎಲ್ಲಾ ಉಡ್ಗೀರ್ನೂ ಬೈತೀರಂತೆ. ನಮ್ ಉಡ್ಗೀನ ಮಾತ್ರ ಬೈಯಾಕಿಲ್ವಂತೆ. ಯಾಕ್ರಮ್ಮ, ನಾವೇನ್ ತಪ್ಪು ಮಾಡಿದ್ವಿ?"

ನನಗೆ ತಲೆಬುಡ ತಿಳಿಯಲಿಲ್ಲ. "ಬೈಯದೆ ಇರೋದು ಒಳ್ಳೇದಲ್ವೇನ್ರಮ್ಮ?" ಎಂದೆ.

"ಏನ್ ಒಳ್ಳೇದು? ಇವಳಿಗೆ ಏಳಿ ಪ್ರಯೋಜ್ನ ಇಲ್ಲ ಅಂತ ಸಿಸ್ಟ್ರು ಕೈಬಿಟ್ಟವ್ರೆ, ವರ್ಸಾದ್ ಮ್ಯಾಲೆ ಮನೀಗ್ ಕಳಿಸ್ತಾರೆ ಅಂತ ಊಟಾನೇ ಬಿಟ್ಟವ್ಳೆ. ಇವಳ್ ಓದಲಿ ಅಂತ ನಮ್ ಯಜಮಾನ್ರು ಊರ್ನೋರ್ ಬಾಯಿಗೆಲ್ಲ ಬಿದ್ರು. ದಮ್ಮಯ್ಯ ಅಂತೀನಿ, ಒಂದೆರಡ್ ಮಾತು ಬೈದ್ಬಿಡಿ."

ಪಕ್ಕದ ಮಂಚದಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಮುದುಕರು, "ಬೈದ್ಬಿಡ್ರಮ್ಮ, ಹೆತ್ತವಳು ಕೇಳ್ತಾವ್ಳೆ" ಎಂದು ಶಿಫಾರಸು ಮಾಡಿದರು. ಬೈಯುವುದಕ್ಕೆ ಶಿಫಾರಸು ತರುವ ಕಾಲ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ಹುಡುಗಿಯ ಮೇಲೆ ಎಷ್ಟು ಮರುಕವಾಯಿತೆಂದರೆ, ಆ ಮರುಕದಲ್ಲಿ ಬೈಯುವ ಶಕ್ತಿಯೇ ಉಡುಗಿಹೋಯಿತು. ಎರಡು ದಿನ ಪ್ರಯತ್ನಪಟ್ಟೆ. ಹುಬ್ಬು ಗಂಟಿಕ್ಕಿ "ಪುಟ್ಟಲಕ್ಷ್ಮೀ!" ಎಂದು ಕೂಗುವುದು, ಅವಳು ಆಸೆಗಣ್ಣಿನಿಂದ ಓಡಿಬರುವುದು, ನಾನು "ಏನಿಲ್ಲ, ಊಟ ಆಯ್ತೇನಮ್ಮ?" ಎನ್ನುವುದು. ಅವಳ ಮುಖ ಸಪ್ಪಗಾಗುತ್ತಿತ್ತು. ಬೇಕೆಂದು ಬೈಯುವುದು ಬೇಕೆಂದು ಸೀನುವುದಕ್ಕಿಂತ ಕಷ್ಟ.

ಮೂರನೆಯ ದಿನ ದೇವರು ಕಣ್ಣುಬಿಟ್ಟ. ಆಗೆಲ್ಲ ಗಾಜಿನ ಸಿರಿಂಜುಗಳು. ಪ್ರತಿಯೊಂದರ ಕೊಳವೆಗೂ ಒಳಗಿನ ಪಿಸ್ಟನ್ನಿಗೂ ಒಂದೇ ನಂಬರು. ಇದರ ಪಿಸ್ಟನ್ ಅದಕ್ಕೆ ಹಾಕಿದರೆ ಒಂದೋ ಒಳಗೇ ಹೋಗುವುದಿಲ್ಲ, ಇಲ್ಲ ಔಷಧಿ ಸೋರಿಹೋಗುತ್ತದೆ. ಆದ್ದರಿಂದ ಜೋಡಿ ಜೋಡಿಯಾಗಿ ಬಟ್ಟೆಯಲ್ಲಿ ಸುತ್ತಿ ಕುದಿಸಬೇಕು. ಪುಟ್ಟಲಕ್ಷ್ಮಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆ ಕೆಲಸವನ್ನೂ ಅವಳ ಕೈಯಿಂದ ಕಿತ್ತುಕೊಂಡು ನಾನೇ ಮಾಡುತ್ತಿದ್ದೆನಲ್ಲ. ಆ ಬೆಳಿಗ್ಗೆ ನನ್ನ ಮೆಚ್ಚುಗೆ ಪಡೆಯಲೆಂದು ಬೇಗ ಬಂದು, ಇಡೀ ವಾರ್ಡಿನ ಸಿರಿಂಜುಗಳನ್ನು ಬಿಚ್ಚಿ, ಒಂದೇ ಪಾತ್ರೆಗೆ ಸುರಿದು ಕುದಿಸಿಟ್ಟಿದ್ದಳು. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತು. ಯಾವ ಸಿರಿಂಜು ಎತ್ತಿಕೊಂಡರೂ ಸೇರದು.

"ಏನೇ ಇದು!" ಎಂದು ಕಿರುಚಿದವಳು ನಾನೇ ಎಂದು ನನಗೆ ಆಮೇಲೆ ಗೊತ್ತಾಯಿತು. "ರಾಗಿಗೆ ಜೋಳ ಬೆರೆಸಿದ ಹಾಗೆ ಬೆರೆಸಿಟ್ಟಿದ್ದೀಯಲ್ಲ! ನಿಮ್ಮಪ್ಪನ ಮಿಲ್ಲಲ್ಲಿ ಹೀಗೆ ಮಾಡಿದ್ರೆ ಸುಮ್ನೆ ಬಿಡ್ತಿದ್ರಾ? ಗೊತ್ತಿಲ್ಲ ಅಂದ್ರೆ ಕೇಳೋಕೇನೇ ರೋಗ? ಬಾಯಿ ಇರೋದು ಅಳೋಕೆ ಮಾತ್ರಾನಾ? ಒಂದೊಂದಾಗಿ ಜೋಡಿಸು, ಈಗಲೇ! ಇವತ್ತಿನ ಇಂಜೆಕ್ಷನ್ನೆಲ್ಲ ನೀನೇ ಕೊಡಬೇಕು, ನಾನು ಮುಟ್ಟಲ್ಲ!"

ಪುಟ್ಟಲಕ್ಷ್ಮಿಯ ಕಣ್ಣಲ್ಲಿ ಬಳಬಳ ನೀರು. ಅದರ ನಡುವೆಯೇ ಬಾಯಿ ಕಿವಿಯವರೆಗೂ ಅರಳಿತು. "ಆಯ್ತು ಸಿಸ್ಟರ್!" ಎಂದವಳೇ ಸೆರಗು ಬಿಗಿದು ಕೂತಳು. ಡಾಕ್ಟರ ಬೂಟಿನ ಸದ್ದು ಕೇಳುವ ಮೊದಲೇ ಎಲ್ಲ ಜೋಡಿಯಾಗಿದ್ದವು; ಅವನ್ನು ಮತ್ತೆ ಕುದಿಸಿ, ಟ್ರೇ ಹಿಡಿದು ನಡೆದಳು. ಮುದುಕರ ತೋಳಿಗೆ ಸೂಜಿ ಚುಚ್ಚಿದಾಗ ಅವಳ ಕೈ ನಡುಗಲಿಲ್ಲ. ನಡುಗಿದ್ದು ನನ್ನದು. ಅವತ್ತು ಮಧ್ಯಾಹ್ನ ಮೂವರೂ ಸೇರಿ ನನ್ನನ್ನು ಅಣಕಿಸುತ್ತ ಊಟ ಮಾಡಿದರು. ನನಗೆ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿರಲಿಲ್ಲ.

ವರ್ಷ ತುಂಬಿತು. ಮೇಟ್ರನ್ ಮೇಡಂ ಕರೆಸಿದರು. ಪುಟ್ಟಲಕ್ಷ್ಮಿಗಾಗಿ ವಾದ ಮಾಡಲು ಸಿದ್ಧವಾಗಿಯೇ ಹೋದೆ. ವಾದವೇ ಬೇಕಾಗಲಿಲ್ಲ. "ಮೂವರನ್ನೂ ಕಾಯಂ ಮಾಡ್ತಿದ್ದೀನಿ, ಚೆನ್ನಾಗಿ ಪಳಗಿದ್ದಾರೆ" ಎಂದರು. ಆಮೇಲೆ, ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕೂರು ಎನ್ನದ ಆಕೆ, ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಸರೋಜಾ. ತುಂಬ ದಣಿದಿದ್ದೀರಿ. ಮುಂದಿನ ವರ್ಷದ ಹುಡುಗಿಯರ ಜವಾಬ್ದಾರಿ ನಿಮಗೆ ಬೇಡ ಬಿಡಿ" ಎಂದು ಮೆಲ್ಲಗೆ ನಕ್ಕರು. ಕೂರಲೂ ಆಗದೆ, ನಿಲ್ಲಲೂ ಆಗದೆ, ಹೇಗೋ ಹೊರಗೆ ಬಂದೆ. ನಾನೇನು ತಪ್ಪು ಮಾಡಿದೆ? ಮೇಡಂ ಹೀಗೆಲ್ಲ ಮಾತಾಡುವವರಲ್ಲವಲ್ಲ?

ಬಾಗಿಲಲ್ಲೇ ಪುಟ್ಟಲಕ್ಷ್ಮಿ ಕಾಯುತ್ತಿದ್ದಳು. ತನ್ನ ಕೆಲಸದ ಸುದ್ದಿ ಕೇಳಲು ಬಂದವಳು ನನ್ನ ಮುಖ ನೋಡಿ ಅದನ್ನೇ ಮರೆತಳು.

"ಸಿಸ್ಟರ್, ಮೇಡಂ ಬೈದ್ರಾ?"

"ಇಲ್ಲ ಕಣೇ" ಎಂದೆ. "ಒಂದು ಮಾತೂ ಬೈಲಿಲ್ಲ."

ಅವಳ ಮುಖ ಇಳಿದುಹೋಯಿತು. "ಅಯ್ಯೋ ಸಿಸ್ಟರ್!" ಎಂದು ನನ್ನ ಕೈ ಹಿಡಿದುಕೊಂಡಳು.