ಪೋರ್ಟಿಕೋದಲ್ಲಿ ಹುಟ್ಟಿದ ಮಗುವಿಗೆ ಜನ್ಮಸ್ಥಳ ಕೋರಿ

ಇಂದ,
ಷಡಕ್ಷರಪ್ಪ, ತೆಂಗು ಬೆಳೆಗಾರರು ಹಾಗೂ ಅಧ್ಯಕ್ಷರು, ಆಸ್ಪತ್ರೆ ಹೋರಾಟ ಸಮಿತಿ,
ಹೊಸಕಟ್ಟೆಪುರ, ಹಳೇಬೀಡು ಹೋಬಳಿ, ಬೇಲೂರು ತಾಲ್ಲೂಕು.

ಗೆ,
ಮಗು ಎಲ್ಲಿ ಹುಟ್ಟಿತೆಂದು ತೀರ್ಮಾನಿಸುವ ಅಧಿಕಾರಿಗಳು,
ಎಲ್ಲಿದ್ದರೆ ಅಲ್ಲಿಗೆ.

ವಿಷಯ: ಅರ್ಜಿದಾರರ ಮೊಮ್ಮಗಳ ಜನನ ಪತ್ರದಲ್ಲಿ ಜನ್ಮಸ್ಥಳ ನಮೂದಿಸಿಕೊಡುವ ಬಗ್ಗೆ.

ಉಲ್ಲೇಖ: ‘ಆಸ್ಪತ್ರೆ ಒಳಗೆ ಆಗಿಲ್ಲ’ ಎಂಬ ಆಸ್ಪತ್ರೆಯ ಉತ್ತರ, ‘ಮನೇಲೂ ಆಗಿಲ್ವಲ್ಲ’ ಎಂಬ ಗ್ರಾಮ ಆಡಳಿತ ಅಧಿಕಾರಿಗಳ ಉತ್ತರ.

ಮಾನ್ಯರೇ,

೧. ಸದರಿ ಅರ್ಜಿದಾರರು ಚಪ್ಪಲಿ ಸವೆಸಿ ಊರಿಗೆ ಆಸ್ಪತ್ರೆ ತಂದವರು. ಕಟ್ಟಡ ಬಂತು, ಟೈಲ್ಸ್ ಬಂತು, ಉದ್ಘಾಟನೆಯ ಕಲ್ಲಿನಲ್ಲಿ ಕೊನೇ ಸಾಲಿಗಾದರೂ ಅರ್ಜಿದಾರರ ಹೆಸರು ಬಂತು. ಡಾಕ್ಟರು ಮಾತ್ರ ಬರಲಿಲ್ಲ. ಬಂದವರು ನರ್ಸ್ ಲಾವಣ್ಯ ಒಬ್ಬರೇ. ಹೆರಿಗೆ, ಇಂಜೆಕ್ಷನ್, ಬೀಗದ ಕೈ ಎಲ್ಲವೂ ಅವರದೇ.

೨. ‘ಆರೋಗ್ಯ ಸಿಬ್ಬಂದಿ ಬಲವರ್ಧನೆಯಲ್ಲಿ ನಾಯಕತ್ವ’ ಎಂಬ ತರಬೇತಿಗೆ ಅವರನ್ನು ಅರಸೀಕೆರೆಗೆ ಕರೆಸಿಕೊಳ್ಳಲಾಯಿತು. ಇದ್ದೊಬ್ಬ ಸಿಬ್ಬಂದಿಯೂ ಬಲಗೊಳ್ಳಲು ಹೋದ ಕಾರಣ ಆಸ್ಪತ್ರೆಗೆ ಬೀಗ ಬಿತ್ತು. ಅರ್ಜಿದಾರರ ಮಗಳು ದಿವ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. “ಇನ್ನೂ ವಾರ ಇದೆ ಯಜಮಾನ್ರೇ. ನೋವು ಬಂದ್ರೆ ಹಳೇಬೀಡಿಗೆ ಕರ್ಕೊಂಡೋಗಿ” ಎಂದು ಹೇಳಿಯೇ ಲಾವಣ್ಯ ಬಸ್ಸು ಹತ್ತಿದ್ದರು.

೩. ನೋವು ಅಂದೇ ಮಧ್ಯಾಹ್ನ ಬಂತು. ಆಂಬುಲೆನ್ಸ್ ಅರೇಹಳ್ಳಿ ಕಡೆ ಹೋಗಿದ್ದರಿಂದ ಸುನಿಲನ ಆಟೋದಲ್ಲಿ ಹೊರಟಿದ್ದಾಯಿತು. ಬೀಗ ಹಾಕಿದ ಆಸ್ಪತ್ರೆಯ ಮುಂದೆ ಬರುವಷ್ಟರಲ್ಲಿ, ಜೊತೆಗಿದ್ದ ಆಶಾ ಕಾರ್ಯಕರ್ತೆ ಚಲುವಮ್ಮ, “ನಿಲ್ಸಪ್ಪಾ! ಹಳೇಬೀಡ್ ಗಂಟ ತಡೆಯಾಕಿಲ್ಲ, ತಲೆ ಕಾಣ್ತೈತೆ” ಎಂದು ಕೂಗಿದರು. ಅರ್ಜಿದಾರರು ತಾವು ಹೋರಾಡಿ ಹಾಕಿಸಿದ ಬಾಗಿಲನ್ನು ತಾವೇ ಒದ್ದರು. ಕಾಮಗಾರಿಯ ಗುಣಮಟ್ಟ ಉತ್ತಮವಾಗಿದ್ದ ಕಾರಣ ಅದು ತೆರೆಯಲಿಲ್ಲ.

೪. ಆದ್ದರಿಂದ ಹೆರಿಗೆ ಪೋರ್ಟಿಕೋದಲ್ಲೇ ಆಯಿತು. ಸುನಿಲ್ ಆಟೋದ ಟಾರ್ಪಾಲು ಬಿಚ್ಚಿ ಮರೆ ಹಿಡಿದ. ಅರ್ಜಿದಾರರು ಬೆನ್ನು ತಿರುಗಿಸಿ ನಿಂತರು. ಮಗು ಹುಟ್ಟಿತು, ಆದರೆ ಅಳಲಿಲ್ಲ.

“ಅಪ್ಪಾ, ಯಾಕಪ್ಪಾ ಅಳ್ತಿಲ್ಲ?” ಎಂದು ದಿವ್ಯಾ ಕೇಳಿದಳು. ಚಲುವಮ್ಮ ಮಗುವಿನ ಬಾಯಿ ಒರೆಸಿ, ಬೆನ್ನು ತಿಕ್ಕಿ, “ಅಳೇ ನನ್ನವ್ವ, ಒಂದ್ಸಲ ಅಳೇ” ಎಂದು ಬೇಡಿಕೊಂಡರು. ಕೊನೆಗೆ ಅತ್ತಿತು. ಅರ್ಜಿದಾರರೂ ಅತ್ತರು, ಸಾಕ್ಷಿಗಳಿದ್ದಾರೆ.

೫. ಹಳೇಬೀಡಿನಲ್ಲಿ ತೋರಿಸಲಾಗಿ ತಾಯಿ, ಮಗು ಕ್ಷೇಮ. ಸಂಜೆ ಬಸ್ಸಿಳಿದು ನೇರ ಅಲ್ಲಿಗೇ ಬಂದ ಲಾವಣ್ಯ ಮಗುವನ್ನೆತ್ತಿಕೊಂಡು, “ಲೀಡರ್ ಆದೋರು ಜಾಗ ಬಿಟ್ಟು ಕದಲಬಾರ್ದು ಅಂತ ಹೇಳ್ಕೊಟ್ರು ಯಜಮಾನ್ರೇ” ಎಂದು ಕಣ್ಣೊರೆಸಿಕೊಂಡರು. ಆಕೆಯ ಮೇಲೆ ಅರ್ಜಿದಾರರಿಗೆ ಯಾವ ದೂರೂ ಇಲ್ಲ.

೬. ಸದರಿ ಆಸ್ಪತ್ರೆಗೆ ಈಗ ಮೇಲ್ಮಹಡಿ ಮಂಜೂರಾಗಿದೆ. ಅರ್ಜಿದಾರರು ಅದು ಬೇಡ, ಇನ್ನೊಬ್ಬ ನರ್ಸ್ ಕೊಡಿ ಎಂದು ಕೋರಿದ್ದರು. ಮಹಡಿ ಬದಲಿಗೆ ಮನುಷ್ಯರನ್ನು ಕೊಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂದಿದೆ.

ಆದ ಕಾರಣ, ಆಸ್ಪತ್ರೆಯೂ ಅಲ್ಲದ ಮನೆಯೂ ಅಲ್ಲದ ಆ ಜಾಗಕ್ಕೆ ತಮ್ಮಲ್ಲೂ ಹೆಸರಿಲ್ಲದಿದ್ದಲ್ಲಿ, ಜನ್ಮಸ್ಥಳದ ಮುಂದೆ ‘ಚಲುವಮ್ಮನವರ ಕೈ’ ಎಂದು ಬರೆದುಕೊಡಬೇಕಾಗಿ ವಿನಂತಿ.

ಬಾಗಿಲ ಹೊರಗಿನಿಂದ,
ತಮ್ಮ ವಿಶ್ವಾಸಿ,
ಷಡಕ್ಷರಪ್ಪ

ಲಗತ್ತುಗಳು:
೧. ಆಸ್ಪತ್ರೆಯ ಫೋಟೋ (ಬೀಗ ಸಹಿತ).
೨. ಚಲುವಮ್ಮನವರ ಒಪ್ಪಿಗೆ ಸಹಿ.
೩. ಮಗುವನ್ನು ಲಗತ್ತಿಸಿಲ್ಲ, ಹಾಲು ಕುಡಿಯುತ್ತಿದೆ. ಪರಿಶೀಲನೆಗೆ ತಾವೇ ಬರುವುದು.