ಬರ್ತೀನಿ ಅಂತ ಹೇಳಿ ನಿಂತವರು

ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಒಂದೇ ಉಸಿರಿನಲ್ಲಿ ಉತ್ತರ ಹೇಳಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹಲ್ಲಿನ ಡಾಕ್ಟರು ಎಂದರೆ ಕೇಳಿದವರು ಅಲ್ಲೇ ಬಾಯಿ ತೆರೆದು ತೋರಿಸುತ್ತಾರೆ. ಅಡುಗೆಯವರು ಎಂದರೆ ಮಗನ ಉಪನಯನದ ತಾರೀಕು ಹೇಳುತ್ತಾರೆ. ಗಣಿತದಲ್ಲಿ ಸಂಶೋಧನೆ ಎಂದರೆ ಮಾತ್ರ ಎದುರಿಗಿದ್ದವರು ಒಂದು ಕ್ಷಣ ಮೌನ ಆಚರಿಸುತ್ತಾರೆ. ಡಬ್ಲಿನ್ನಿನ ಕನ್ನಡದವರಲ್ಲಿ ಬಹುತೇಕರು ಸಾಫ್ಟ್‌ವೇರಿನವರು. ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಹಿಂದಿನವರು, "ಯಾವ ಕಂಪನಿ ಸರ್?" ಎನ್ನುತ್ತಾರೆ. "ಕಂಪನಿ ಅಲ್ಲ, ಕಾಲೇಜು. ಅಸಹಜ ವಿಸರಣೆ ಅಂತ," ಎಂದರೆ ಅವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಬಂದು, "ಈಗ ಡಾಕ್ಟ್ರು ಏನಂತಾರೆ?" ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ.

ವಿಷಯ ಅಷ್ಟೇನೂ ಭಯಂಕರವಲ್ಲ. ಗೊತ್ತುಗುರಿಯಿಲ್ಲದೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಹಾಕುವ ಕಣವೊಂದು ಸ್ವಲ್ಪ ಹೊತ್ತಿನ ಮೇಲೆ ಹೊರಟ ಜಾಗದಿಂದ ಎಷ್ಟು ದೂರ ಹೋಗಿರುತ್ತದೆ ಎಂಬುದು ಪ್ರಶ್ನೆ. ಅದಕ್ಕೊಂದು ಹಳೆಯ ಲೆಕ್ಕವಿದೆ. ಆ ಲೆಕ್ಕದಂತೆ ಹರಡಿದರೆ ಸಹಜ. ಕೆಲವು ಕಣಗಳು ಮಾತ್ರ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡು ನಿಂತುಬಿಡುತ್ತವೆ. ಒಮ್ಮೆ ಚೂರು ಹೊತ್ತು, ಒಮ್ಮೆ ಯುಗಯುಗಾಂತರ. ನಿಲ್ಲುವ ಹೊತ್ತಿಗೆ ಸರಾಸರಿ ಎಂಬುದೇ ಇಲ್ಲ. ಇವು ಲೆಕ್ಕಕ್ಕಿಂತ ಹಿಂದೆ ಬೀಳುವ ಅಸಹಜ ಜಾತಿ. ಇಂಥ ಕಣ ಹೊರಡಲಿ ಎಂದು ನೀವು ಎಷ್ಟು ಹೆಚ್ಚು ಹೊತ್ತು ಕಾದಿದ್ದೀರೋ, ಇನ್ನೂ ಅಷ್ಟು ಹೆಚ್ಚು ಹೊತ್ತು ಕಾಯಬೇಕಾದೀತು ಎಂದು ನಿರೀಕ್ಷಿಸಬೇಕು. ಮಳೆಯಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಇದು ಮೊದಲಿನಿಂದಲೂ ಗೊತ್ತು. ನಾನು ಅದನ್ನೇ ಸಾಧಿಸಿ ತೋರಿಸಿ ಸಂಬಳ ತೆಗೆದುಕೊಳ್ಳುತ್ತೇನೆ.

ಆ ಸಂಬಳಕ್ಕೇ ಸಂಚಕಾರ ಬಂದದ್ದು ಈ ಕೊರೋನಾ ಕಾಲದಲ್ಲಿ. ನಾನು ಕಾಂಟ್ರ್ಯಾಕ್ಟಿನ ಮೇಲಿದ್ದವನು. ಬೇಸಿಗೆಗೆ ಅದು ಮುಗಿಯುವುದಿತ್ತು. ಒಂದೇ ಒಂದು ಕಾಯಂ ಹುದ್ದೆ ಖಾಲಿಯಾಗಿ, ಸಂದರ್ಶನಕ್ಕೆ ಕರೆ ಬಂತು. ಸಂದರ್ಶನ ವೀಡಿಯೊದಲ್ಲಿ. ಸಮಿತಿಯಲ್ಲಿ ಗಣಿತ ಬಾರದವರೂ ಇರುತ್ತಾರೆ, ಅವರಿಗೂ ಅರ್ಥವಾಗುವಂತೆ ನಿಮ್ಮ ಸಂಶೋಧನೆಯನ್ನು ವಿವರಿಸತಕ್ಕದ್ದು ಎಂಬ ಷರತ್ತು ಬೇರೆ. ಸಾಮಾನ್ಯವಾಗಿ ನಮ್ಮವರೆಲ್ಲ ಇದಕ್ಕೆ ಬಳಸುವುದು ಪಬ್ಬಿನಿಂದ ಹೊರಬಿದ್ದು ತೂರಾಡುವ ಕುಡುಕನ ಉದಾಹರಣೆಯನ್ನು. ಆದರೆ ಐರ್ಲೆಂಡಿನ ಅಷ್ಟೂ ಪಬ್ಬುಗಳಿಗೆ ಬೀಗ ಬಿದ್ದಿತ್ತು. ಆ ಸಂಕಟದ ಹೊತ್ತಿನಲ್ಲಿ ಐರಿಷ್ ಸಮಿತಿಯೊಂದರ ಮುಂದೆ ಪಬ್ಬಿನ ಮಾತೆತ್ತುವುದು ಸಾವಿನ ಮನೆಯಲ್ಲಿ ಹೋಳಿಗೆ ಕೇಳಿದಂತೆ. ನಲವತ್ತೆಂಟರ ವಯಸ್ಸಿನಲ್ಲಿ ಕೆಲಸ ಹೋದರೆ ನನ್ನನ್ನು ಮತ್ತೆ ಯಾರು ಇಟ್ಟುಕೊಳ್ಳುತ್ತಾರೆ? ಹೆಂಡತಿ ವಿನುತಾ ಮಹಡಿಯ ಬೆಡ್‌ರೂಮಿನಿಂದಲೇ ಆಫೀಸು ಕೆಲಸ ಮಾಡುತ್ತ, ಇಡೀ ಕಂಪನಿ ತಾನೇ ನಡೆಸುವಂತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಇನ್ನು ಅವಳಿಗೆ ಹೊತ್ತು ಹೊತ್ತಿಗೆ ಕಾಫಿ ಒಯ್ಯುವ ಹುದ್ದೆಯಲ್ಲಿ ಕಾಯಂ ಆಗುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು.

ಇದರ ಮೇಲೆ ಅತ್ತೆಯವರ ಚಿಂತೆ. ನನ್ನ ಅತ್ತೆ ರುಕ್ಮಿಣಮ್ಮನವರು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರಾದವರು. ಚಳಿಗಾಲ ಕಳೆದು ಹೋಗೋಣವೆಂದು ಡಬ್ಲಿನ್ನಿನ ಪಕ್ಕದ ಡನ್ ಲಿಯರಿಗೆ, ನಮ್ಮ ಬಾಡಿಗೆ ಮನೆಗೆ, ಬಂದವರು ವಿಮಾನಗಳು ನಿಂತು ಇಲ್ಲೇ ಉಳಿದರು. ಎಪ್ಪತ್ತಾದವರು ಮನೆ ಬಿಟ್ಟು ಕದಲಬಾರದು ಎಂದು ಸರ್ಕಾರ ಹೇಳಿತ್ತು. ಅತ್ತೆಗೆ ಇನ್ನೂ ಎಪ್ಪತ್ತು ಆಗಿರಲಿಲ್ಲ. ಆ ಸೌಲಭ್ಯವನ್ನು ಅವರು ಪೂರ್ತಿ ಬಳಸಿಕೊಂಡರು. ಹಳೆಯ ಸಂಪ್ರದಾಯದವರು, ಅಳಿಯನ ಜೊತೆ ನೇರವಾಗಿ ಮಾತಾಡುವುದು ಕಡಿಮೆ. ನಾನು ಎದುರಿಗೇ ನಿಂತಿದ್ದರೂ, "ವಿನೂ, ಅಳಿಯಂದ್ರಿಗೆ ಹೇಳೇ, ಹಾಲಿಗೆ ಹೋಗಿ ಬರ್ತೀನಿ ಅಂತ," ಎಂದು ಮಹಡಿಯತ್ತ ಕೂಗಿ ಹೊರಡುತ್ತಿದ್ದರು. ಅಂಗಡಿ ಇರುವುದು ನಮ್ಮ ರಸ್ತೆಯ ತುದಿಯಲ್ಲೇ. ಆದರೂ ಅತ್ತೆ ಹಿಂತಿರುಗುವ ಹೊತ್ತಿಗೆ, ಇದು ಚಳಿಯ ದೇಶವಲ್ಲದಿದ್ದರೆ, ಹಾಲು ಮೊಸರಾಗಿರುತ್ತಿತ್ತು.

ನಾನು ಕಿಟಕಿಯಲ್ಲಿ ನಿಂತು ಒದ್ದಾಡುತ್ತಿದ್ದೆ. ಎಲ್ಲಿ ಸೋಂಕು ತಗುಲಿತೋ, ಎಲ್ಲಿ ಗಾರ್ಡಾ ಪೊಲೀಸರು ತಡೆದು ಎಲ್ಲಿಗಮ್ಮ ಎಂದು ಕೇಳಿ, ಅತ್ತೆ ಅವರಿಗೂ ಮೈಸೂರಿನ ದಸರೆ ವರ್ಣಿಸುತ್ತ ನಿಂತರೋ. "ಅಜ್ಜಿ ಈಸ್ ಗ್ರ್ಯಾಂಡ್, ಅಪ್ಪ," ಎಂದು ಮಗಳು ಇಲ್ಲೇ ಹುಟ್ಟಿ ಬೆಳೆದ ರಾಗದಲ್ಲಿ ಸಮಾಧಾನ ಹೇಳುತ್ತಿದ್ದಳು. ಹೆಂಡತಿ, "ರೀ, ಕೂತ್ಕೊಂಡು ತಯಾರಿ ಮಾಡ್ಕೊಳ್ರೀ. ಅಮ್ಮನ್ನ ಕಾಯೋಕೆ ನಿಮಗೆ ಸಂಬಳ ಕೊಡ್ತಾರಾ?" ಎನ್ನುತ್ತಿದ್ದಳು. ಕೊಡುತ್ತಿದ್ದರೆ ಆ ಹುದ್ದೆಗೆ ನನಗಿಂತ ಯೋಗ್ಯರು ಯಾರೂ ಇರಲಿಲ್ಲ.

ಅತ್ತೆ ಹೆಚ್ಚಾಗಿ ಸಿಕ್ಕಿಕೊಳ್ಳುತ್ತಿದ್ದದ್ದು ಪಕ್ಕದ ಮನೆಯ ನೋರಾ ಅವರ ಮೋಟುಗೋಡೆಯ ಹತ್ತಿರ. ನೋರಾಗೆ ಎಂಬತ್ತು ದಾಟಿದೆ, ಒಬ್ಬರೇ ಇರುವುದು, ಒಂದು ಕಿವಿ ಮಂದ. ಗೋಡೆಯ ಆಚೆ ಅವರು, ಈಚೆ ಅತ್ತೆ, ನಡುವೆ ಸರ್ಕಾರ ಹೇಳಿದಷ್ಟು ಅಂತರ. ಅತ್ತೆಯ ಇಂಗ್ಲಿಷು ಎಕ್ಸ್‌ಚೇಂಜಿನದು. ದೂರದ ಊರಿಗೆ ಲೈನ್ ಕೊಡುವವರ ಗಟ್ಟಿ ದನಿ. ಹೀಗಾಗಿ ಮಂದ ಕಿವಿಗೂ ಅದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು. ಮಂಡಿನೋವು, ಸೊಸೆಯಂದಿರು, ಬ್ರೆಡ್ಡಿನ ಹಿಟ್ಟು, ಎಲ್ಲವೂ ಇಡೀ ಬೀದಿಗೆ ಕೇಳುತ್ತಿತ್ತು. ಕೊನೆಗೆ ಅತ್ತೆ, "ಓಕೆ ನೋರಾ, ಐ ವಿಲ್ ಕಮ್," ಎನ್ನುತ್ತಿದ್ದರು. ಎಂದ ಮೇಲೂ ಇನ್ನಷ್ಟು ಹೊತ್ತು ನಿಂತು, ಮತ್ತೊಮ್ಮೆ ಐ ವಿಲ್ ಕಮ್ ಎಂದು, ಕಡೆಗೊಮ್ಮೆ ಹಾಲಿನೊಂದಿಗೆ ಮನೆ ಸೇರುತ್ತಿದ್ದರು.

ನನಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಮ್ಮಲ್ಲಿ ಹೊರಡುವುದು ಎಂದರೆ ಹಾಗೇ. ಕೂತಲ್ಲಿಂದ ಎದ್ದಾಗ ಒಂದು ಬರ್ತೀನಿ, ಕುಂಕುಮ ತೆಗೆದುಕೊಂಡು ಒಂದು ಬರ್ತೀನಿ, ಚಪ್ಪಲಿ ಮೆಟ್ಟಿ ಒಂದು ಬರ್ತೀನಿ. ಮುಖ್ಯವಾದ ಮಾತೆಲ್ಲ ಗೇಟಿನ ಹತ್ತಿರವೇ. ನನ್ನ ಮದುವೆ ಗೊತ್ತಾದದ್ದೂ ಹಾಗೆ. ಹೆಣ್ಣು ನೋಡಲು ಹೋದವರು ಒಳಗೆ ಕೂತಷ್ಟು ಹೊತ್ತೂ ಉಪ್ಪಿಟ್ಟು ತಿಂದು ಹವೆಯ ಬಗ್ಗೆ ಮಾತಾಡಿದೆವು. ಬರ್ತೀವಿ ಎಂದು ಹೊರಗೆ ಬಂದು ಗೇಟಿಗೆ ಕೈಯಿಟ್ಟ ಮೇಲೆ ನಮ್ಮಪ್ಪ, ಅವರಪ್ಪ ಅಲ್ಲೇ ನಿಂತು ಎಲ್ಲ ಮುಗಿಸಿದರು. ನಾನು ಅಷ್ಟು ಹೊತ್ತೂ ಆಟೋ ಹಿಡಿದು ನಿಲ್ಲಿಸಿಕೊಂಡಿದ್ದೆ. ಹೆಂಡತಿಗಿಂತ ಆಟೋದವನ ಮುಖವೇ ನನಗೆ ಆ ದಿನದ್ದು ಹೆಚ್ಚು ನೆನಪಿದೆ.

ಅತ್ತೆ ಒಳಗೆ ಬಂದ ಮೇಲೂ ನೋರಾ ಅಂಗಳದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಪಕ್ಕದಲ್ಲಿ ಉಣ್ಣೆಯ ಟೋಪಿ ತೊಡಿಸಿದ ಟೀ ಪಾತ್ರೆ, ಎರಡು ಕಪ್ಪು. ಈ ದೇಶದವರು ಚೂರು ಬಿಸಿಲು ಬಿದ್ದರೆ ಹಪ್ಪಳದಂತೆ ಹೊರಗೆ ಹರಡಿಕೊಳ್ಳುವುದು ಗೊತ್ತಿದ್ದರಿಂದ, ಇದೂ ಹಾಗೇ ಎಂದುಕೊಂಡೆ. ಬಿಸಿಲು ಹೋದ ಮೇಲೂ ಅವರು ಕೂತಿರುತ್ತಿದ್ದರು. ಎರಡನೆಯ ಕಪ್ಪು ಯಾರಿಗೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನನಗೆ ಓಡಲಿಲ್ಲ. ನನ್ನ ಬುದ್ಧಿಯೆಲ್ಲ ಕುಡುಕನಿಲ್ಲದ ಉದಾಹರಣೆ ಹುಡುಕುವುದರಲ್ಲಿತ್ತು.

ಸಂದರ್ಶನದ ದಿನ ನಾನು ಮನೆಯಲ್ಲಿ ಕರ್ಫ್ಯೂ ಹಾಕಿದೆ. ಕುಕ್ಕರ್ ಇಡಕೂಡದು. ಮಗಳು ನೆಟ್ ಬಳಸಕೂಡದು. ಅತ್ತೆಯವರು ಇವತ್ತೊಂದು ದಿನ ಹೊರಗೆ ಹೋಗಕೂಡದು. ಗೋಡೆಯ ಹತ್ತಿರದ ಅವರ ಮಾತು ನೇರವಾಗಿ ಸಮಿತಿಗೆ ಕೇಳಿಸುತ್ತದೆ. "ಅಳಿಯಂದ್ರು ನಿಶ್ಚಿಂತೆಯಾಗಿರ್ಲಿ, ನಾನು ಉಸಿರೂ ಬಿಡಲ್ಲ," ಎಂದು ಅತ್ತೆ ನನ್ನ ಹಿಂದಿನ ಗೋಡೆಗೆ ಹೇಳಿ ಒಳಗೆ ಹೋದರು. ನಾನು ಮೇಲೆ ಕೋಟು, ಕೆಳಗೆ ಪೈಜಾಮ ತೊಟ್ಟು ಬೀದಿಬದಿಯ ಕೋಣೆಯಲ್ಲಿ ಕೂತೆ. ಬೆವರುತ್ತಿದ್ದದ್ದರಿಂದ ಕಿಟಕಿ ತೆರೆದಿಟ್ಟಿದ್ದೆ.

ತೆರೆಯ ಮೇಲೆ ನಾಲ್ಕು ಮುಖಗಳು. ನಾನು ಕಣ, ಹೆಜ್ಜೆ, ಹಂಚಿಕೆ ಎಂದು ಶುರು ಮಾಡಿದೆ. ಗಣಿತ ಬಾರದ ಸದಸ್ಯೆಯ ಕಣ್ಣುಗಳು ಮೆಲ್ಲಗೆ ಜೋಂಪಿಗೆ ಜಾರುವುದು ಕಂಡಿತು. ಅಷ್ಟರಲ್ಲಿ ಕಿಟಕಿಯ ಚೌಕಟ್ಟಿಗೆ ಊರುಗೋಲು ಟಕಟಕ ಬಡಿಯಿತು. ನೋರಾ. ಮನೆ ಬಿಟ್ಟು ಕದಲಬಾರದ ನೋರಾ, ಮೂಗು ಬಾಯಿಗೆ ಸ್ಕಾರ್ಫು ಸುತ್ತಿಕೊಂಡು ನಮ್ಮ ಅಂಗಳದಲ್ಲಿ.

"ಈಸ್ ಹರ್‌ಸೆಲ್ಫ್ ಆಲ್ ರೈಟ್?" ಎಂದರು. ಇಲ್ಲಿಯೂ ನಮ್ಮಂತೆಯೇ ಮನೆಯ ದೊಡ್ಡವರನ್ನು ಹೆಸರು ಹಿಡಿಯದೆ ಕೇಳುವುದುಂಟು. ಚೆನ್ನಾಗಿದ್ದಾರೆ ಎಂದು ಕೈಸನ್ನೆ ಮಾಡಿದೆ. ನೋರಾ ಒಪ್ಪಲಿಲ್ಲ. "ನಿನ್ನೆ ಬರ್ತೀನಿ ಅಂದ್ರು, ಬರ್ಲಿಲ್ಲ. ದಿನಾ ಬರ್ತೀನಿ ಅಂತಾರೆ, ನಾನು ಟೀ ಇಟ್ಕೊಂಡು ಕೂತಿರ್ತೀನಿ. ಮರೆತಿರಬೇಕು ಅಂದ್ಕೊಂಡೆ. ಇವತ್ತು ಗೋಡೆ ಹತ್ರಾನೂ ಬರ್ಲಿಲ್ಲ. ಆ ಹಾಳು ಕಾಯಿಲೆ ಬಂದಿದ್ರೆ ಹೇಳು, ಮುಚ್ಚಿಡಬೇಡ," ಎಂಬುದು ಅವರ ಇಂಗ್ಲಿಷಿನ ಸಾರಾಂಶ.

ಎರಡನೆಯ ಕಪ್ಪು ಯಾರಿಗೆಂದು ಆಗ ನನಗೆ ಅರ್ಥವಾಯಿತು. ಮೈಕು ಆರಿಸಬೇಕೆಂಬುದು ಮಾತ್ರ ತಲೆಗೆ ಬರಲಿಲ್ಲ. ಮಂದ ಕಿವಿಗೆ ಕೇಳಲೆಂದು ಅತ್ತೆಯ ಮಟ್ಟದಲ್ಲೇ ಕೂಗಿ ಹೇಳಿದೆ: ಅಮ್ಮಾ, ಅವರಿಗೆ ಏನೂ ಆಗಿಲ್ಲ. ನಮ್ಮ ಭಾಷೆಯಲ್ಲಿ ಹೋಗುವವರು ಹೋಗ್ತೀನಿ ಎನ್ನುವುದಿಲ್ಲ, ಅಪಶಕುನ. ಬರ್ತೀನಿ ಎನ್ನುತ್ತಾರೆ. ಬರ್ತೀನಿ ಎಂದರೆ ಹೋಗ್ತೀನಿ ಅಂತ. ಆದರೆ ಹಾಗೆಂದ ಮೇಲೂ ಹೋಗುವುದಿಲ್ಲ, ನಿಲ್ಲುತ್ತಾರೆ. ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿಲ್ಲ.

ಹಿಂದಿನಿಂದ ನಗು ಕೇಳಿತು. ತಿರುಗಿದರೆ ತೆರೆಯ ಮೇಲಿನ ನಾಲ್ಕೂ ಮುಖಗಳಿಗೆ ಜೀವ ಬಂದಿತ್ತು. ಗಣಿತ ಬಾರದ ಸದಸ್ಯೆ, "ಅಂದರೆ ನಿಮ್ಮ ಕಣವೂ ಹೀಗೇ ನಿಲ್ಲುತ್ತದೆಯೇ?" ಎಂದು ಕೇಳಿದರು. ಕೆಟ್ಟದ್ದು ಕೆಟ್ಟಿತು ಎಂದುಕೊಂಡು ನಾನು ಕಣದ ಬದಲು ಅತ್ತೆಯವರನ್ನು ಹಾಲಿಗೆ ಕಳಿಸಿದೆ, ಗೋಡೆಯ ಹತ್ತಿರ ನಿಲ್ಲಿಸಿದೆ, ಹಾಲು ಮನೆ ಸೇರುವ ಸರಾಸರಿ ಹೊತ್ತು ಅನಂತ ಎಂದು ತೋರಿಸಿದೆ. ನೋರಾ ಕೂಡ ಕಿಟಕಿಗೆ ಒರಗಿ ಪೂರ್ತಿ ಉಪನ್ಯಾಸ ಕೇಳಿದರು. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಗುತ್ತಲೇ, "ವಿ ವಿಲ್ ಕಮ್ ಬ್ಯಾಕ್ ಟು ಯು," ಎಂದರು. ತೆರೆ ಕಪ್ಪಾಯಿತು.

ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೋ ಕನ್ನಡದಲ್ಲಿ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ನಡೆದದ್ದು ಕೇಳಿ ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡರು. "ಅಯ್ಯೋ, ಕಾಯ್ತಾ ಕೂತಿರ್ತಿದ್ರೇನೇ ಪಾಪ? ಆ ವಯಸ್ಸಿನೋರ ಮುಂದೆ, ಇಂಥ ಕಾಲದಲ್ಲಿ, ಹೋಗ್ತೀನಿ ಅಂತ ನಾನು ಹೇಗೆ ಹೇಳ್ಲಿ, ವಿನೂ?" ಎಂದರು. ಅತ್ತೆ ಅವತ್ತೇ ಸಂಜೆ ಗೋಡೆಯ ಹತ್ತಿರ ಹೋಗಿ, ಬೀದಿಗೆಲ್ಲ ಕೇಳುವಂತೆ ಪಾಠ ಮಾಡಿದರು. ಈಗ ನೋರಾ ತಾವೇ "ಬರ್ತೀನಿ" ಎಂದು ಐರಿಷ್ ರಾಗದಲ್ಲಿ ಎಳೆದು ಹೇಳಿ, ಒಳಗೆ ಹೋಗಿ, ಚಿಲಕ ಹಾಕಿಕೊಳ್ಳುತ್ತಾರೆ.

ನನಗೆ ಮಾತ್ರ ಸಮಿತಿಯಿಂದ ಸುದ್ದಿಯಿಲ್ಲ. ಕಾದಷ್ಟೂ ಇನ್ನೂ ಕಾಯಬೇಕಾದೀತು ಎಂಬ ನನ್ನದೇ ಫಲಿತಾಂಶ ರಾತ್ರಿ ಹಗಲು ನನ್ನನ್ನು ಕಚ್ಚುತ್ತದೆ. "ಅಳಿಯಂದ್ರಿಗೆ ಹೇಳೇ, ಬರ್ತೀವಿ ಅಂದೋರು ಬಂದೇ ಬರ್ತಾರೆ, ಸುಮ್ನೆ ಊಟ ಮಾಡ್ಲಿ ಅಂತ," ಎನ್ನುತ್ತಾರೆ ಅತ್ತೆ. ಬರ್ತೀನಿ ಎಂದು ಹೇಳಿ ಹೋಗದವರ ಆ ಸಮಾಧಾನವನ್ನು ನಾನು ಹೇಗೆ ನಂಬಲಿ?

ಮೊನ್ನೆ ನೋರಾ ನನ್ನನ್ನೂ ಕರೆದು, ದೂರದಲ್ಲಿ ಒಂದು ಕುರ್ಚಿ ಹಾಕಿ, ಟೀ ಕೊಟ್ಟರು. "ಏನಾದ್ರೂ ಬಂತಾ?" ಎಂದರು. ಇಲ್ಲ, ಬರ್ತೀವಿ ಅಂದಿದ್ದಾರೆ ಎಂದೆ. ನೋರಾ ಒಂದು ಬಿಸ್ಕತ್ತು ಹೆಚ್ಚು ಕೊಟ್ಟರು. ಟೀ ಮುಗಿಸಿ, ಮೇಲ್ ನೋಡುವ ಆತುರಕ್ಕೆ ಎದ್ದು, ಅಭ್ಯಾಸದಂತೆ "ಐ ವಿಲ್ ಕಮ್" ಎಂದುಬಿಟ್ಟೆ. ನಾನು ಗೇಟು ದಾಟುವ ಮೊದಲೇ ಅವರು ನನ್ನ ಕುರ್ಚಿಯನ್ನು ಮಡಚಿ ಒಳಗೆ ಎತ್ತಿಟ್ಟರು. ಅವರಿಗೆ ಕನ್ನಡ ಬಂದಿತ್ತು. ಇಡೀ ಬೀದಿಯಲ್ಲಿ ಕನ್ನಡ ಬಾರದೆ ಕಾಯುತ್ತಿರುವವನು ಈಗ ನಾನೊಬ್ಬನೇ.